ಅಮಾವಾಸ್ಯೆ ರಾತ್ರಿ ನೆರಳು ಎಲ್ಲಿಂದ ಬಂತು?

ಓದುಗರ ಪತ್ರ:

“ಸಂಪಾದಕರೇ, 12 ವರ್ಷದಿಂದ ನಿಮ್ಮ ಮಾಸಪತ್ರಿಕೆ ಓದುತ್ತಿದ್ದೇನೆ. ಪತ್ರ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ಓದುಗರ ಪುಟ ನೋಡಿದರೆ ಬೇಜಾರಾಗುತ್ತದೆ. ಯಾವ ಕಥೆಗಾದರೂ ಅದೇ ಮಾತು: ‘ಮನ ಮುಟ್ಟಿತು, ಲೇಖಕರಿಗೆ ಅಭಿನಂದನೆ.’ ಕಳೆದ ತಿಂಗಳ ‘ನೆರಳಿನ ದರ್ಜಿ’ ನನಗೆ ಹಿಡಿಸಲಿಲ್ಲ. ಅರ್ಧಕ್ಕೇ ಬಿಟ್ಟೆ. ಹರಿದ ನೆರಳಿಗೆ ತೇಪೆ ಹಾಕೋದೆಲ್ಲ ಮಕ್ಕಳಿಗೆ ಸರಿ. ದೊಡ್ಡವರು ನಂಬುವುದು ಹೇಗೆ? ಹೀಗೆ ಬರೆದರೆ ನೀವು ಹಾಕುತ್ತೀರಾ? ನಾನೇನೂ ವಿಮರ್ಶಕನಲ್ಲ. – ಒಬ್ಬ ಹಳೆಯ ಓದುಗ”

ಸಂಪಾದಕರ ಉತ್ತರ:

ಹಳೆಯ ಓದುಗರೇ,

ಹಾಕಿದ್ದೇವೆ, ನೋಡಿ. ಒಂದಕ್ಷರ ಕತ್ತರಿಸಿಲ್ಲ.

ಕತ್ತರಿಯ ಮಾತು ಬಂತಲ್ಲ, ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ಓದುಗರು ಒಂದು ಕಥೆಯ ಬಗ್ಗೆ ಎರಡು ಪುಟ ಬರೆದಿದ್ದರು. ಕಥೆಯಲ್ಲಿ ಮಗಳು ತೀರಿಕೊಂಡ ಅಪ್ಪನ ಕನ್ನಡಕ ಒರೆಸಲು ಹೋಗುತ್ತಾಳೆ. ಗಾಜಿನ ಮೇಲೆ ಅಪ್ಪನ ಹೆಬ್ಬೆರಳಿನ ಗುರುತು ಕಾಣುತ್ತದೆ. ಒರೆಸದೆ ಹಾಗೇ ಡಬ್ಬಿಯೊಳಗೆ ಇಡುತ್ತಾಳೆ. “ಅಲ್ಲಿಗೆ ಪತ್ರಿಕೆ ಮಡಚಿಟ್ಟು ಎದ್ದೆ. ಮೂರು ದಿನ ಮುಂದೆ ಓದಲಿಲ್ಲ. ಆಮೇಲೆ ಓದಿದಾಗ ಕೊನೆಯ ಪ್ಯಾರಾ ಬೇಡವಾಗಿತ್ತು ಅನಿಸಿತು” ಎಂದು ಆ ಓದುಗರು ಬರೆದಿದ್ದರು. ನಮ್ಮ ಪುಟದಲ್ಲಿ ಉಳಿದಿದ್ದು ಮೂರಂಗುಲ ಜಾಗ. ಹಾಗಾಗಿ ಅಚ್ಚಾಗಿದ್ದು ಇಷ್ಟು: “ಕಥೆ ಮನ ಮುಟ್ಟಿತು.” ಕತ್ತರಿಸಿದ ಕೈ ನನ್ನದೇ. ನಿಮಗೆ ಬೇಜಾರು ತರಿಸಿದ ಆ ‘ಮನ ಮುಟ್ಟಿತು’ಗಳಲ್ಲಿ ಎಷ್ಟು ಓದುಗರದ್ದು, ಎಷ್ಟು ನಮ್ಮ ಕತ್ತರಿಯದ್ದು ಅಂತ ಲೆಕ್ಕ ಹಾಕುವ ಧೈರ್ಯ ನನಗಿಲ್ಲ.

ಆ ಪತ್ರದಲ್ಲಿ ಇದ್ದದ್ದು ವಿಮರ್ಶೆಯಲ್ಲ. ಯಾವ ಸಾಲಿನ ಹತ್ತಿರ ತನಗೆ ಏನಾಯಿತು ಅಂತ ಒಬ್ಬರು ಹೇಳಿದ್ದರು, ಅಷ್ಟೇ. ಕಥೆ ಬರೆದವರಿಗೆ ಗೊತ್ತಾಗದೇ ಉಳಿಯುವುದು ಅದೊಂದೇ. ಅವರು ಬರೆಯುವಾಗ ಇಲ್ಲಿ ಓದುಗರು ಅಳುತ್ತಾರೆ ಅಂದುಕೊಂಡಿರುತ್ತಾರೆ. ನೀವು ಅಲ್ಲಿ ಆಕಳಿಸಿ, ಯಾವುದೋ ಸಣ್ಣ ವಿವರದ ಹತ್ತಿರ ಸುಮ್ನೆ ಕೂತುಬಿಟ್ಟಿರುತ್ತೀರಿ. ಅದು ಅವರಿಗೆ ತಲುಪುವುದಾದರೂ ಹೇಗೆ, ನೀವು ಹೇಳದಿದ್ದರೆ?

ಈಗ ನೆರಳಿನ ವಿಷಯ. ಕಥೆ ಓದದವರಿಗಾಗಿ ಎರಡು ಮಾತು: ದರ್ಜಿಯೊಬ್ಬ ಹರಿದ ನೆರಳುಗಳಿಗೆ ತೇಪೆ ಹಾಕಿಕೊಡುತ್ತಾನೆ. ನೆರಳು ಅವನ ಹತ್ತಿರ ಇರುವಷ್ಟು ದಿನ ಅದರ ಯಜಮಾನನಿಗೆ ಸುಳ್ಳು ಹೇಳಲು ಬರುವುದಿಲ್ಲ. “ದೊಡ್ಡವರು ನಂಬುವುದು ಹೇಗೆ” ಅಂತ ಕೇಳಿದ್ದೀರಿ. ನೀವು ಬೇತಾಳನ ಕಥೆಗಳನ್ನು ಕೇಳಿಯೇ ಬೆಳೆದವರು, ಅಲ್ವಾ? ರಾಜನ ಹೆಗಲ ಮೇಲೆ ಹೆಣ. ಆ ಹೆಣ ಬಾಯಿಬಿಟ್ಟು ಕಥೆ ಹೇಳುತ್ತದೆ. ರಾಜ ಒಮ್ಮೆಯಾದರೂ “ಹೆಣ ಮಾತಾಡುತ್ತಾ?” ಅಂತ ಕೇಳಿದನೇ? ಅವನ ತಲೆಬಿಸಿಯೇ ಬೇರೆ. ಒಬ್ಬಾಕೆಯ ಗಂಡನ ರುಂಡವೂ ಇನ್ನೊಬ್ಬನ ರುಂಡವೂ ಅದಲುಬದಲಾಗಿ ಅಂಟಿಕೊಂಡರೆ, ಆ ಇಬ್ಬರಲ್ಲಿ ಆಕೆಯ ಗಂಡ ಯಾರು? ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಸಿಡಿದು ಹೋಳಾಗುತ್ತದೆ, ಬಾಯಿಬಿಟ್ಟರೆ ಬೇತಾಳ ಮತ್ತೆ ಮರಕ್ಕೆ ಹಾರುತ್ತದೆ. ಕೇಳಿದವನು ಬಾಯಿಬಿಡಲೇಬೇಕು ಎಂಬ ಷರತ್ತಿನಿಂದಲೇ ಮುಂದಿನ ಕಥೆ ಹುಟ್ಟುತ್ತದೆ. ಇನ್ನೊಂದು ಗಮನಿಸಿ. ಬೇತಾಳ ಯಾವತ್ತೂ “ಕಥೆ ಹೇಗಿತ್ತು?” ಅಂತ ಕೇಳುವುದಿಲ್ಲ. “ಹೇಳು, ತಪ್ಪು ಯಾರದು?” ಅನ್ನುವಂಥದ್ದೇ ಅದರ ಪ್ರಶ್ನೆ. ಕಥೆಯ ಒಳಗೆ ಕಾಲಿಡದೆ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ಫ್ಯಾಂಟಸಿ ಕಥೆಯನ್ನು ಬಯ್ಯಬಾರದು ಅಂತ ನಾನು ಹೇಳುತ್ತಿಲ್ಲ. ಬಯ್ಯಲು ಒಳ್ಳೆಯ ಜಾಗ ಹುಡುಕಿ. “ಇದು ನಡೆಯಲ್ಲ” ಅನ್ನುವುದು ಕಥೆಯ ಮೊದಲ ಸಾಲಿಗೇ ಲೇಖಕಿಗೂ ಗೊತ್ತಿತ್ತು. ತಾನೇ ಮಾಡಿಕೊಂಡ ನಿಯಮವನ್ನು ಕಥೆ ತಾನೇ ಮುರಿದರೆ, ಆಗ ಹಿಡಿದು ಕೇಳಿ. ಇದೇ ಕಥೆಗೆ ಇನ್ನೊಂದು ಪತ್ರ ಬಂದಿದೆ, ಬರೀ ಎರಡು ಸಾಲು: “ದರ್ಜಿಯ ಅಂಗಡಿಯಿಂದ ನೆರಳು ತಪ್ಪಿಸಿಕೊಂಡು ಗೋಡೆ ಹತ್ತುವುದು ಅಮಾವಾಸ್ಯೆ ರಾತ್ರಿ. ದೀಪ ಆರಿದೆ ಎಂದು ಅದಕ್ಕೆ ಮೊದಲೇ ಬರೆದಿದ್ದೀರಿ. ನೆರಳು ಎಲ್ಲಿಂದ ಬಂತು?”

ನಾನು ಆ ಕಥೆಯನ್ನು ನಾಲ್ಕು ಸಲ ಓದಿದ್ದೆ. ಕರಡು ತಿದ್ದುವವರು ಎರಡು ಸಲ. ಲೇಖಕಿ ಅದೆಷ್ಟು ಸಲವೋ. ಒಬ್ಬರ ಕಣ್ಣಿಗೂ ಬೀಳಲಿಲ್ಲ. ಪತ್ರ ಓದಿ ಹೇಳಿದಾಗ ಫೋನಿನ ಆ ಕಡೆ ಲೇಖಕಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಜೋರಾಗಿ ನಕ್ಕರು. ಆ ಓದುಗರು ನೆರಳಿನ ದರ್ಜಿಯನ್ನು ಪೂರ್ತಿ ನಂಬಿದ್ದರು. ನಂಬಿದ್ದಕ್ಕೇ ಲೆಕ್ಕ ತಪ್ಪಿದ್ದು ಕಂಡಿತು.

“ಹಿಡಿಸಲಿಲ್ಲ” ಅನ್ನಲು ಮುಜುಗರ ಬೇಡ. ಶರ್ಲಿ ಜಾಕ್ಸನ್ ಎಂಬ ಅಮೆರಿಕದ ಲೇಖಕಿಯ ‘ದಿ ಲಾಟರಿ’ 1948ರ ಜೂನ್‌ನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂತು. ಒಂದು ಹಳ್ಳಿಯವರು ಚೀಟಿ ಎತ್ತಿ, ಗುರುತು ಹಾಕಿದ ಚೀಟಿ ಬಂದವರನ್ನು ಕಲ್ಲು ಹೊಡೆದು ಕೊಲ್ಲುವ ಸಣ್ಣಕಥೆ. ಆ ಬೇಸಿಗೆಯಲ್ಲೇ 300ಕ್ಕೂ ಹೆಚ್ಚು ಪತ್ರ ಬಂದವು. ಒಳ್ಳೆಯ ಮಾತಿದ್ದದ್ದು ಬರೀ 13ರಲ್ಲಿ, ಅವೂ ಹೆಚ್ಚಿನವು ಗೆಳೆಯರದ್ದು ಅಂತ ಜಾಕ್ಸನ್ನೇ ಹೇಳಿಕೊಂಡಿದ್ದಾರೆ. ಸ್ವಂತ ಅಮ್ಮನೂ “ನನಗೂ ಅಪ್ಪನಿಗೂ ಹಿಡಿಸಲಿಲ್ಲ” ಅಂತ ಬರೆದರಂತೆ. ಉಳಿದವರು ಬೈದರು, ಅರ್ಥವಾಗಲಿಲ್ಲ ಅಂದರು. ಇಂಥ ಲಾಟರಿ ಎಲ್ಲಿ ನಡೆಯುತ್ತದೆ, ನಾವೂ ಹೋಗಿ ನೋಡಬಹುದಾ ಅಂತ ಕೇಳಿದವರೂ ಇದ್ದರು! ಆ ಪತ್ರಗಳ ಬಗ್ಗೆ ಆಕೆ ಮುಂದೆ ಒಂದು ಉಪನ್ಯಾಸವನ್ನೇ ಕೊಟ್ಟರು. ಹೊಗಳಿಕೆಯ ಪತ್ರಗಳಷ್ಟೇ ಬಂದಿದ್ದರೆ ಉಪನ್ಯಾಸಕ್ಕೆ ಸರಕೆಲ್ಲಿ?

“ವಿಮರ್ಶಕನಲ್ಲ” ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಹಾಬಿಟ್’ ಎಂಬ ಫ್ಯಾಂಟಸಿ ಕಾದಂಬರಿಯ ಹಸ್ತಪ್ರತಿಯನ್ನು ಅಚ್ಚು ಹಾಕಬೇಕೋ ಬೇಡವೋ ಎಂದು 1936ರಲ್ಲಿ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಕೇಳಿದ್ದು ತನ್ನ 10 ವರ್ಷದ ಮಗ ರೇನರ್‌ನನ್ನು. ಕೂಲಿ ಒಂದು ಶಿಲಿಂಗ್. ಚೆನ್ನಾಗಿದೆ, ನಕ್ಷೆಗಳಿದ್ದರೆ ಚಿತ್ರ ಬೇಕಾಗಿಲ್ಲ, 5ರಿಂದ 9 ವರ್ಷದ ಮಕ್ಕಳಿಗೆ ಹಿಡಿಸುತ್ತದೆ ಅಂತ ಹುಡುಗ ಬರೆದುಕೊಟ್ಟ. ತನಗೆ 10 ಆಗಿತ್ತಲ್ಲ, ತಾನು ಆ ಲೆಕ್ಕದಿಂದ ಹೊರಗೆ! “ಮಕ್ಕಳಿಗೆ ಸರಿ” ಅಂತ ನೀವು ಬರೆದಿದ್ದು ಓದಿದಾಗ ನನಗೆ ಆ ಹುಡುಗನೇ ನೆನಪಾದ. ಅದೇ ರೇನರ್ ದೊಡ್ಡವನಾದ ಮೇಲೆ ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ ಅಚ್ಚಾಗುವಂತೆ ನೋಡಿಕೊಂಡ. ಆ ಮೂರು ದಪ್ಪ ಸಂಪುಟಗಳು ಮಕ್ಕಳಿಗಂತೂ ಅಲ್ಲ.

ಎರಡು ಬೇಡಿಕೆ ಮಾತ್ರ ಇವೆ. ಪಾತ್ರ ಆಡಿದ ಮಾತಿಗೆ ಲೇಖಕರನ್ನು ಹಿಡಿದು ಬಯ್ಯಬೇಡಿ. ಕೊಲೆಗಾರನ ಕಥೆ ಬರೆದವರು ಮನೆಯಲ್ಲಿ ಇರುವೆಗೂ ಹೆದರುವವರಾಗಿರಬಹುದು. ಮತ್ತೆ, ಕಥೆಯ ಕೊನೆಯನ್ನು ಪತ್ರದ ಮೊದಲ ಸಾಲಿನಲ್ಲೇ ಒಡೆಯಬೇಡಿ. ಪತ್ರಿಕೆಯನ್ನು ತಿಂಗಳ ಕೊನೆಗೆ ತೆರೆಯುವವರೂ ಇರುತ್ತಾರೆ.

ಮುಂದಿನ ಸಂಚಿಕೆಯಿಂದ ಓದುಗರಿಗೆ ಎರಡು ಪುಟ ಕೊಡುತ್ತಿದ್ದೇವೆ. ಅಮಾವಾಸ್ಯೆಯ ಪತ್ರ ಅದರಲ್ಲಿ ಮೊದಲು ಬರುತ್ತದೆ. ಕಥೆ ಪುಸ್ತಕವಾಗುವ ಹೊತ್ತಿಗೆ ಆ ಗೋಡೆಯ ಪಕ್ಕ ಒಂದು ಲಾಟೀನು ಇಡುತ್ತಾರಂತೆ ಲೇಖಕಿ. ನೀವು ಅರ್ಧಕ್ಕೆ ಬಿಟ್ಟೆ ಅಂದಿರಿ. ಸಂಚಿಕೆ ಇನ್ನೂ ಕೈಯಲ್ಲಿದ್ದರೆ ಒಮ್ಮೆ ತೆರೆದು ನೋಡಿ, ಯಾವ ಸಾಲಿನಲ್ಲಿ ಬಿಟ್ಟಿರಿ? ಆ ಸಾಲು ಬರೆದು ಕಳಿಸಿ. ಜಾಗ ಇಟ್ಟಿರುತ್ತೇನೆ.