ಹಾಸನದಲ್ಲಿ ಸ್ವಚ್ಛತಾ ಗುತ್ತಿಗೆ ಹಿಡಿದಿರುವ ಸಂಸ್ಥೆ ನಮ್ಮದು. ಇದರೊಳಗೆ ಜೀತ ನುಸುಳದಂತೆ ತಡೆಯುವುದು ಹೇಗೆ?

ಮೊದಲು ಮುಂಗಡದ ಲೆಕ್ಕ ನೋಡಿ. ಮೇಸ್ತ್ರಿಯ ಮೂಲಕ ಹೊರರಾಜ್ಯದಿಂದ ಬಂದವರು ಮುಂಗಡ ತೀರುವವರೆಗೆ ಕೆಲಸ ಬಿಡುವಂತಿಲ್ಲ ಎಂದಾದರೆ, ಕಾಗದದಲ್ಲಿ ಏನೇ ಬರೆದಿರಲಿ, ಅದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಂತೆ ಆ ಸಾಲ ತೀರಿಸುವ ಹೊಣೆಯೇ ಅವರ ಮೇಲೆ ಉಳಿಯುವುದಿಲ್ಲ, ದುಡಿಸಿಕೊಂಡವರಿಗೆ 3 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು. ಆಧಾರ್, ಎಟಿಎಂ ಕಾರ್ಡುಗಳು ಮೇಸ್ತ್ರಿಯ ಜೇಬಿನಲ್ಲಿದ್ದರೆ ಅಂದೇ ವಾಪಸ್ ಕೊಡಿಸಿ, ಕೂಲಿಯನ್ನು ಕೆಲಸಗಾರರ ಸ್ವಂತ ಖಾತೆಗೇ ಹಾಕಿ (ಹೆಂಡತಿಯ ಕೂಲಿ ಗಂಡನ ಖಾತೆಗೆ ಹೋಗುವುದೂ ಸಲ್ಲದು).

ಸಾಮಗ್ರಿ ಪೂರೈಸುವವರನ್ನೂ ವಿಚಾರಿಸಿ: ಬಲವಂತದ ದುಡಿಮೆಯ ಕಾರಣಕ್ಕೆ ಮಲೇಷ್ಯಾದ ಕಂಪನಿಯೊಂದರ ರಬ್ಬರ್ ಕೈಗವಸುಗಳನ್ನು ಅಮೆರಿಕ 2021ರಲ್ಲಿ ತಡೆದಿತ್ತು. ಜೀತ ಕಂಡುಬಂದರೆ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ಕೊಡಿ.