ಧಾರ್ಮಿಕ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆಯ ನಿರ್ಣಯಗಳಿಗೆ ಕಾನೂನಿನ ಬಲವಿದೆಯೇ?

ಎಲ್ಲಕ್ಕೂ ಇಲ್ಲ. ಧರ್ಮ ಅಥವಾ ನಂಬಿಕೆಯ ಆಧಾರದ ಅಸಹಿಷ್ಣುತೆಯನ್ನು ಹೋಗಲಾಡಿಸಲು ಸಾಮಾನ್ಯ ಸಭೆಯು 1981ರ ನವೆಂಬರ್ 25ರಂದು ಅಂಗೀಕರಿಸಿದ ಘೋಷಣೆ ನೈತಿಕ ತೂಕವುಳ್ಳದ್ದೇ ಹೊರತು ಯಾವ ರಾಷ್ಟ್ರವನ್ನೂ ಕಾನೂನಿನಿಂದ ಕಟ್ಟಿಹಾಕುವುದಿಲ್ಲ. ಒಪ್ಪಿಕೊಂಡ ರಾಷ್ಟ್ರಗಳನ್ನು ಕಟ್ಟಿಹಾಕುವುದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆ. ಅದರ 18ನೇ ವಿಧಿ ಧಾರ್ಮಿಕ ಸ್ವಾತಂತ್ರ್ಯವನ್ನು ರಕ್ಷಿಸಿದರೆ, 20ನೇ ವಿಧಿ ಹಿಂಸೆಗೆ ಪ್ರಚೋದಿಸುವ ಧಾರ್ಮಿಕ ದ್ವೇಷದ ಪ್ರಚಾರವನ್ನು ನಿಷೇಧಿಸಬೇಕೆನ್ನುತ್ತದೆ. ಭಾರತ ಇದನ್ನು 1979ರಲ್ಲಿ ಒಪ್ಪಿಕೊಂಡಿತು.

ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 2011ರ ಮಾರ್ಚ್‌ನಲ್ಲಿ ಮಾನವ ಹಕ್ಕುಗಳ ಮಂಡಳಿ ಒಮ್ಮತದಿಂದ ಅಂಗೀಕರಿಸಿದ 16/18 ಸಂಖ್ಯೆಯ ನಿರ್ಣಯ. ಅದಕ್ಕೂ ಹಿಂದೆ, 1999ರಿಂದ, ‘ಧರ್ಮನಿಂದೆ’ಯನ್ನು ಖಂಡಿಸುವ ನಿರ್ಣಯಗಳು ಪದೇ ಪದೇ ಮಂಡನೆಯಾಗಿ, ಧರ್ಮಕ್ಕೆ ರಕ್ಷಣೆಯೋ ಮನುಷ್ಯರಿಗೋ ಎಂಬ ಜಗಳ ಬಗೆಹರಿಯದೇ ಉಳಿದಿತ್ತು, ಹೊಸ ನಿರ್ಣಯ ಮನುಷ್ಯರ ಪಕ್ಷ ವಹಿಸಿತು. ಮಾತು ಯಾವಾಗ ಅಪರಾಧವಾಗುತ್ತದೆಂದು ಅಳೆಯಲು ವಿಶ್ವಸಂಸ್ಥೆಯ ಆಶ್ರಯದಲ್ಲಿ ತಜ್ಞರು ರೂಪಿಸಿದ 2012ರ ರಬಾತ್ ಕಾರ್ಯಯೋಜನೆ ಸಂದರ್ಭ, ಮಾತಾಡಿದವರ ಸ್ಥಾನ, ಉದ್ದೇಶ, ಮಾತಿನ ಸ್ವರೂಪ, ಅದರ ವ್ಯಾಪ್ತಿ, ಅನಾಹುತದ ಸಂಭವ ಎಂಬ ಆರು ಅಳತೆಗಳನ್ನು ಕೊಟ್ಟಿದೆ.

ಹಾಸನದವರಿಗೆ ಇದು ತೀರಾ ಹೊಸದೆನಿಸಲಾರದು. ನಮ್ಮ ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನವು ಜೈನರ ದೂರನ್ನು ಆಲಿಸಿ, ಜೈನ ದರ್ಶನಕ್ಕೂ ವೈಷ್ಣವ ದರ್ಶನಕ್ಕೂ ಭೇದವಿಲ್ಲವೆಂದು ಸಾರಿದ್ದಲ್ಲದೆ, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ವಹಿಸಿತು.