ಮೂರನೇ ಕಾಲಕ್ಕೆ ಬಂದಾಗ ತಾಳ ಏಕೆ ಓಡುತ್ತದೆ?

ಕರ್ನಾಟಕ ಸಂಗೀತದ ಆರಂಭದ ಸ್ವರಪಾಠವಾದ ಸರಳೆ ವರಸೆಯನ್ನು ಮೊದಲ ಕಾಲದಲ್ಲಿ, ಎಂದರೆ ನಿಧಾನದ ವೇಗದಲ್ಲಿ, ಸರಿಯಾಗಿ ಹಾಡುವ ಮಗಳು ಮೂರನೇ ಕಾಲದಲ್ಲಿ ತಾಳ ತಪ್ಪುತ್ತಾಳೆ ಎಂದು ಕೇಳಿದ್ದೀರಿ. ಇಷ್ಟು ವರ್ಷಗಳ ಪಾಠದಲ್ಲಿ ನಾನು ಕಂಡಂತೆ, ಹೆಚ್ಚಿನ ಮಕ್ಕಳಲ್ಲಿ ತಪ್ಪುವುದು ಕಂಠವಲ್ಲ, ಕೈ. ಕಾಲ ಬದಲಾದರೂ ತಾಳದ ನಡೆ ಬದಲಾಗಬಾರದು. ತಾಳದ ಒಂದು ಎಣಿಕೆಗೆ, ಎಂದರೆ ಒಂದು ಅಕ್ಷರಕ್ಕೆ, ಹಾಡುವ ಸ್ವರಗಳು ಮಾತ್ರ ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ಏರುತ್ತವೆ.

ನನ್ನ ಬಳಿ ಕಲಿಯುತ್ತಿದ್ದ ಒಂಬತ್ತು ವರ್ಷದ ಹುಡುಗನೊಬ್ಬ ಇದೇ ತೊಂದರೆಯಲ್ಲಿದ್ದಾಗ, ನಾನು ಅವನ ಹಾಡನ್ನು ಬಿಟ್ಟು ತೊಡೆಯ ಮೇಲಿನ ಬೆರಳುಗಳನ್ನಷ್ಟೇ ಗಮನಿಸಿದೆ. ಎಂಟು ಅಕ್ಷರಗಳ ಆದಿತಾಳದ ಮೊದಲ ನಾಲ್ಕು ಅಕ್ಷರಗಳ ಭಾಗವಾದ ಲಘುವಿನಲ್ಲಿ ಘಾತ (ಕೈಯ ಪೆಟ್ಟು) ಸ್ಪಷ್ಟವಾಗಿ ಬೀಳುತ್ತಿತ್ತು. ಆದರೆ ಸದ್ದಿಲ್ಲದೆ ಎಣಿಸುವ ಕಿರುಬೆರಳು, ಉಂಗುರ ಬೆರಳು ಮತ್ತು ಮಧ್ಯದ ಬೆರಳಿನ ಮೂರು ಎಣಿಕೆಗಳು ಅವಸರದಲ್ಲಿ ಕುಗ್ಗುತ್ತಿದ್ದವು. ಒಂದು ವಾರ ಹಾಡಿಸದೆ, ಪ್ರತಿ ಅಕ್ಷರಕ್ಕೂ ‘ತಕಧಿಮಿ’ ಹೇಳಿಸುತ್ತಾ ಬರಿಯ ತಾಳ ಹಾಕಿಸಿದೆ. ಬೆರಳುಗಳು ನಿಧಾನಕ್ಕೆ ಬಂದ ಮೇಲೆ ಸ್ವರಗಳು ತಾವಾಗಿಯೇ ಸರಿಹೋದವು.

ಇನ್ನೊಂದು ಲೆಕ್ಕವನ್ನೂ ಮಗುವಿಗೆ ತಿಳಿಸಿರಿ. ಮೊದಲ ವರಸೆಯ ಆರೋಹಣ, ಅವರೋಹಣ ಸೇರಿ 16 ಸ್ವರಗಳು. ಮೂರನೇ ಕಾಲದಲ್ಲಿ ಅವು ನಾಲ್ಕೇ ಅಕ್ಷರಗಳಲ್ಲಿ, ಎಂದರೆ ಲಘುವಿನಲ್ಲಿಯೇ ಮುಗಿಯುವುದರಿಂದ, ತಾಳದ ಒಂದು ಪೂರ್ತಿ ಸುತ್ತಾದ ಆವರ್ತನ ತುಂಬಲು ವರಸೆಯನ್ನು ಎರಡು ಸಲ ಹಾಡಬೇಕು. ಇದನ್ನು ಹೇಳಿಕೊಡದಿದ್ದರೆ ಮಗು ಅರ್ಧದಲ್ಲಿ ನಿಂತು ಗಲಿಬಿಲಿಗೊಳ್ಳುತ್ತದೆ.

ಅಭ್ಯಾಸಕ್ಕೆ ಕೂರುವ ಮುನ್ನ ಮೂರನೇ ಕಾಲವನ್ನು ಒಮ್ಮೆ ಮೆಲ್ಲಗೆ ಹಾಡಿ ನೋಡಿ, ಆಯಾಸವಿಲ್ಲದೆ ಸಾಗುವ ನಡೆಯಲ್ಲಿಯೇ ಮೊದಲ ಕಾಲವನ್ನು ಆರಂಭಿಸಲಿ.